ಸ್ಟ್ಯಾಂಡಪ್‌ನಲ್ಲಿ ಎಲ್ಲರ ಕಣ್ಣು ಯಾರ ಮೇಲೆ?

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಯಾವುದಾದರೂ ಟೆಕ್ ಪಾರ್ಕಿನಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಸುತ್ತು ಹಾಕಿ. ಗಾಜಿನ ಕೋಣೆಗಳಲ್ಲಿ ಎಂಟು ಹತ್ತು ಮಂದಿ ಟಿವಿ ಪರದೆಯ ಮುಂದೆ ನಿಂತಿರುತ್ತಾರೆ. ಪರದೆಯ ಮೇಲೆ ಜಿರಾ ಬೋರ್ಡ್. ಒಬ್ಬರಾದ ಮೇಲೊಬ್ಬರು ಅರ್ಧರ್ಧ ನಿಮಿಷ ಮಾತಾಡುತ್ತಾರೆ. ಏನು ಹೇಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳುವ ಅಗತ್ಯವಿಲ್ಲ. ಹೇಳುವಾಗ ಯಾರ ಮುಖ ನೋಡುತ್ತಾರೆ ಎಂಬುದನ್ನಷ್ಟೇ ಗಮನಿಸಿ. ಆ ತಂಡದಲ್ಲಿ ಅಜೈಲ್ ನಡೆಯುತ್ತಿದೆಯೋ, ಅಜೈಲ್‌ನ ನಾಟಕ ನಡೆಯುತ್ತಿದೆಯೋ ಬಹುಮಟ್ಟಿಗೆ ಗೊತ್ತಾಗುತ್ತದೆ.

"ನಿನ್ನೆ ಪೇಮೆಂಟ್ ಸ್ಕ್ರೀನ್ ಮಾಡ್ತಿದ್ದೆ, ಇವತ್ತೂ ಅದೇ ಮುಂದುವರಿಸ್ತೀನಿ, ಬ್ಲಾಕರ್ಸ್ ಏನಿಲ್ಲ." ಹೀಗೆ ಪ್ರತಿಯೊಬ್ಬರೂ ಮ್ಯಾನೇಜರ್ ಕಡೆಗೇ ತಿರುಗಿ ಪಾಠ ಒಪ್ಪಿಸುತ್ತಿದ್ದರೆ ಅದಕ್ಕೆ ಹಾಜರಿ ಎನ್ನಬಹುದು. ಟೆಸ್ಟ್ ಸರ್ವರ್ ಎರಡು ದಿನದಿಂದ ಮಲಗಿದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಬ್ಲಾಕರ್ಸ್ ಏನಿಲ್ಲ. ಆ ವಿಷಯ ಬಾಯಿಗೆ ಬರುವುದು ಹತ್ತೂವರೆಗೆ, ಗೇಟಿನಾಚೆಯ ಟೀ ಅಂಗಡಿಯಲ್ಲಿ, ಮ್ಯಾನೇಜರ್ ಇಲ್ಲದಾಗ.

ಅಜೈಲ್ ಅಳವಡಿಸಿಕೊಂಡೂ ಫಲ ಕಾಣದ ತಂಡಗಳು ಸಾಮಾನ್ಯವಾಗಿ ತಪ್ಪನ್ನು ವಿಧಾನದಲ್ಲಿ ಹುಡುಕುತ್ತವೆ. ಸ್ಕ್ರಮ್ ಬಿಟ್ಟು ಕಾನ್‌ಬಾನ್ ಮಾಡೋಣವೇ, ಎರಡು ವಾರದ ಸ್ಪ್ರಿಂಟನ್ನು ಮೂರು ವಾರಕ್ಕೆ ಎಳೆಯೋಣವೇ, ಎಲ್ಲರಿಗೂ ಇನ್ನೊಂದು ಸರ್ಟಿಫಿಕೇಷನ್ ಕೊಡಿಸೋಣವೇ. ಇವೆಲ್ಲ ಆಮೇಲಿನ ಮಾತು. ಕೆಟ್ಟ ಸುದ್ದಿ ಬಂದ ಗಳಿಗೆಯಲ್ಲಿ ತಂಡದ ನಾಯಕರು ಏನು ಮಾಡುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಅಲ್ಲಿ ಎಡವಿದರೆ ಉಳಿದ ಯಾವ ಆಚರಣೆಯೂ ಕೈಹಿಡಿಯುವುದಿಲ್ಲ. ಈ ಲೇಖನ ಟೀಮ್ ಲೀಡ್, ಸ್ಕ್ರಮ್ ಮಾಸ್ಟರ್, ಡೆಲಿವರಿ ಮ್ಯಾನೇಜರ್ ಆಗಿರುವವರಿಗೆ, ಮತ್ತು ಅವರ ಕೆಳಗೆ ಕೆಲಸ ಮಾಡುತ್ತಾ ಒಳಗೊಳಗೇ ಕುದಿಯುತ್ತಿರುವವರಿಗೆ.

ಮೂಲಕ್ಕೆ ಒಂದು ಕ್ಷಣ ಹೋಗಿಬರೋಣ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಕ್ರೀಡಾ ತಾಣದಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆಯನ್ನು ಬರೆದರು. ನಾಲ್ಕು ಮೌಲ್ಯ, ಹನ್ನೆರಡು ತತ್ವ, ಅಷ್ಟೆ. ಅದರಲ್ಲಿ ಸ್ಟ್ಯಾಂಡಪ್ ಇಲ್ಲ, ಸ್ಟೋರಿ ಪಾಯಿಂಟ್ ಇಲ್ಲ, ಜಿರಾ ಅಂತೂ ಆಗಿನ್ನೂ ಹುಟ್ಟಿರಲಿಲ್ಲ. ಇರುವುದೇನೆಂದರೆ, ಉತ್ಸಾಹವಿರುವ ಜನರಿಗೆ ಬೇಕಾದ ವಾತಾವರಣ ಕೊಟ್ಟು ಅವರು ಕೆಲಸ ಮುಗಿಸುತ್ತಾರೆಂದು ನಂಬಬೇಕು, ಒಳ್ಳೆಯ ವಿನ್ಯಾಸಗಳು ತಮ್ಮನ್ನು ತಾವೇ ಸಂಘಟಿಸಿಕೊಳ್ಳುವ ತಂಡಗಳಿಂದ ಬರುತ್ತವೆ ಎಂಬ ಅರ್ಥದ ಮಾತುಗಳು. ನಂಬುವುದು ಯಾರು? ಅಧಿಕಾರ ಇರುವವರು. ಹಾಗಾಗಿ ಇದು ಶುರುವಿನಿಂದಲೂ ನಾಯಕರ ನಡವಳಿಕೆಯ ಪ್ರಶ್ನೆಯೇ. ನಮ್ಮಲ್ಲಿ ಹೆಚ್ಚಿನ ಕಂಪನಿಗಳು ತರಬೇತಿ ಕೊಡಿಸಿದ್ದು ಮಾತ್ರ ಎಂಜಿನಿಯರುಗಳಿಗೆ.

ಹೈದರಾಬಾದಿನ ಆರು ಜನ

ನಾಯಕರ ನಡವಳಿಕೆ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ನೆರೆಯಲ್ಲೇ ನಡೆದ ಒಂದು ನಿದರ್ಶನವಿದೆ. ಸಾಫ್ಟ್‌ವೇರ್ ಕೆಲಸಕ್ಕೆ ಕಾನ್‌ಬಾನ್ ಪದ್ಧತಿಯನ್ನು ತಂದ ಡೇವಿಡ್ ಆಂಡರ್ಸನ್ 2010ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಮೈಕ್ರೋಸಾಫ್ಟ್ ತನ್ನ ಆಂತರಿಕ ಬಳಕೆಗೆಂದು ಇಟ್ಟುಕೊಂಡಿದ್ದ ಹತ್ತಾರು ತಂತ್ರಾಂಶಗಳ ರಿಪೇರಿ, ಸಣ್ಣಪುಟ್ಟ ಬದಲಾವಣೆ ನೋಡಿಕೊಳ್ಳುವ ತಂಡವೊಂದು ಹೈದರಾಬಾದಿನಲ್ಲಿತ್ತು. ಮೂವರು ಡೆವಲಪರ್, ಮೂವರು ಟೆಸ್ಟರ್, ಸ್ಥಳೀಯವಾಗಿ ಒಬ್ಬ ಮ್ಯಾನೇಜರ್. ಕಡತದ ಮೇಲೆ ಎಲ್ಲವೂ ಸರಿ: ಗುಣಮಟ್ಟದ ಪ್ರಮಾಣಪತ್ರ ಅತ್ಯುನ್ನತ ಹಂತದ್ದು, ಎಂಜಿನಿಯರುಗಳು ಪಳಗಿದವರು. ಆದರೂ 2004ರಲ್ಲಿ ಆ ವಿಭಾಗದಲ್ಲೇ ಅತ್ಯಂತ ಕೆಟ್ಟ ಹೆಸರು ಈ ತಂಡದ್ದು. ಒಂದು ಸಣ್ಣ ಬದಲಾವಣೆ ಕೇಳಿದರೆ ಕೈಗೆ ಬರಲು ಸುಮಾರು ಐದು ತಿಂಗಳು. ಬಾಕಿ ಉಳಿದ ಕೋರಿಕೆಗಳು ಎಂಬತ್ತಕ್ಕೂ ಹೆಚ್ಚು, ದಿನೇದಿನೇ ಏರುತ್ತಿದ್ದವು.

ಆ ಹೊಣೆಯನ್ನು ತಾನಾಗಿ ಕೇಳಿ ಪಡೆದ ದ್ರಾಗೋಸ್ ದುಮಿತ್ರಿಯು ಎಂಬ ಪ್ರೋಗ್ರಾಂ ಮ್ಯಾನೇಜರ್ ಅಮೆರಿಕದಲ್ಲಿ ಕೂತಿದ್ದವರು. ಅಂಥ ಸ್ಥಾನದಲ್ಲಿರುವವರು ಏನು ಮಾಡುತ್ತಾರೆಂದು ನಮಗೆಲ್ಲ ಗೊತ್ತು. ದಿನಕ್ಕೆರಡು ಸ್ಟೇಟಸ್ ಕಾಲ್, ಶನಿವಾರವೂ ಕೆಲಸ, 'ನಿಧಾನದವರು' ಎನಿಸಿಕೊಂಡ ಒಬ್ಬಿಬ್ಬರ ಬದಲಾವಣೆ. ಅವರು ಹಾಗೆ ಮಾಡದೆ, ಒಂದು ಕೋರಿಕೆ ಬಂದಾಗಿನಿಂದ ಹೋಗುವವರೆಗೆ ಅದು ಎಲ್ಲೆಲ್ಲಿ ಕೂತಿರುತ್ತದೆ ಎಂದು ಹುಡುಕಿದರು. ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಯಾವ ಹೊಸ ಕೋರಿಕೆ ಬಂದರೂ 48 ಗಂಟೆಯೊಳಗೆ ಅಂದಾಜು ಕೊಡಬೇಕೆಂಬ ನಿಯಮವಿತ್ತು. ಒಂದೊಂದು ಅಂದಾಜಿಗೂ ಒಬ್ಬ ಡೆವಲಪರ್, ಒಬ್ಬ ಟೆಸ್ಟರ್ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮಾರು ಒಂದು ದಿನ ಕೂರಬೇಕು. ತಂಡದ ಶಕ್ತಿಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಹೋಗುತ್ತಿದ್ದುದು ಈ ಅಂದಾಜಿಗೆ. ಹಾಗೆ ಅಂದಾಜಿಸಿದ ಎಷ್ಟೋ ಕೆಲಸಗಳು ಕೊನೆಗೆ ನಡೆಯುತ್ತಲೇ ಇರಲಿಲ್ಲ.

ಈ ನಿಯಮ ಮಾಡಿದ್ದು ಎಂಜಿನಿಯರುಗಳಲ್ಲ. ಅವರಿಗೆ ಅದನ್ನು ತೆಗೆಯುವ ಅಧಿಕಾರವೂ ಇರಲಿಲ್ಲ. ದುಮಿತ್ರಿಯು, ಅವರಿಗೆ ಸಲಹೆ ಕೊಡುತ್ತಿದ್ದ ಆಂಡರ್ಸನ್ ಜೊತೆ ಸೇರಿ, ಕೋರಿಕೆ ಕಳಿಸುವ ನಾಲ್ವರು ಪ್ರಾಡಕ್ಟ್ ಮ್ಯಾನೇಜರುಗಳನ್ನೂ ತಮ್ಮ ಮೇಲಿನವರನ್ನೂ ಒಪ್ಪಿಸಿದರು: ಇನ್ನು ಅಂದಾಜು ಇಲ್ಲ, ಸಾಲಿನಲ್ಲಿ ಜಾಗ ಖಾಲಿಯಾದಾಗ ಮಾತ್ರ ಹೊಸ ಕೆಲಸ ಆರಿಸಿ, ಕೈಗೆತ್ತಿಕೊಂಡದ್ದನ್ನು 25 ದಿನದೊಳಗೆ ಕೊಡುತ್ತೇವೆ. ಮೊದಲ ಹಂತದಲ್ಲಿ ಹೊಸಬರನ್ನು ಸೇರಿಸಲಿಲ್ಲ. ಟೆಸ್ಟಿಂಗ್ ಕಡೆಯಿಂದ ಒಬ್ಬರನ್ನು ಡೆವಲಪ್‌ಮೆಂಟ್ ಕಡೆಗೆ ಸರಿಸಿದ್ದು, ಮುಂದೆ ಇಬ್ಬರನ್ನು ಸೇರಿಸಿಕೊಂಡದ್ದು ಎಲ್ಲ ಆಮೇಲೆ. ಐದು ತಿಂಗಳು ಹಿಡಿಯುತ್ತಿದ್ದ ಕೆಲಸ ಸರಾಸರಿ ಎರಡು ವಾರಕ್ಕೆ ಇಳಿಯಿತು. 2005ರ ಕೊನೆಯ ಹೊತ್ತಿಗೆ ಬಾಕಿಯೂ ಕರಗಿತ್ತು.

ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಈ ನಾಯಕ ತಂಡದ ಕೆಲಸದಲ್ಲಿ ಕೈ ಹಾಕಲಿಲ್ಲ, ತಂಡದ ಸುತ್ತಲಿನ ನಿಯಮಗಳಲ್ಲಿ ಕೈ ಹಾಕಿದರು. ಹೆಚ್ಚಿನ ಮ್ಯಾನೇಜರುಗಳು ಇದರ ತಿರುವುಮುರುವು ಮಾಡುತ್ತಾರೆ, ಏಕೆಂದರೆ ತಂಡದ ಕೋಡ್ ರಿವ್ಯೂನಲ್ಲಿ ಮೂಗು ತೂರಿಸುವುದು ಸುಲಭ, ನಾಲ್ಕು ಜನ ಸರಿಸಮಾನರ ಎದುರು ಕೂತು "ನಿಮ್ಮ ಈ ಪದ್ಧತಿ ನಿಲ್ಲಿಸಿ" ಎನ್ನುವುದು ಕಷ್ಟ. ಎರಡನೆಯದು ತಪ್ಪಾದರೆ ತಮ್ಮ ಹೆಸರೇ ಕೆಡುತ್ತದೆ. ಆ ಅಪಾಯವನ್ನು ಹೆಗಲಿಗೆ ಹಾಕಿಕೊಳ್ಳುವವರು ಇರುವ ಕಡೆ ಅಜೈಲ್ ನೆಲೆಯೂರುತ್ತದೆ.

ದಂಡ ಹಿಡಿದವರು, ಕೈ ಬಿಟ್ಟವರು

ನಾಯಕತ್ವದ ಶೈಲಿಗಳ ಬಗ್ಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಬೇಕಾದಷ್ಟು ವರ್ಗೀಕರಣಗಳಿವೆ. ಅವನ್ನೆಲ್ಲ ಇಲ್ಲಿ ಹರಡುವುದಿಲ್ಲ. ಒಂದು ಹಳೆಯ ಪ್ರಯೋಗ ಸಾಕು. 1939ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬವರು ಅಯೋವಾ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಮುಖವಾಡ ಮಾಡುವಂಥ ಕೆಲಸ ಕೊಟ್ಟು ಮೂರು ಬಗೆಯ ನಾಯಕರನ್ನು ಇಟ್ಟು ನೋಡಿದರು. ಒಬ್ಬ ಎಲ್ಲವನ್ನೂ ತಾನೇ ಹೇಳುವವ, ಇನ್ನೊಬ್ಬ ಕೂಡಿ ತೀರ್ಮಾನಿಸುವವ, ಮತ್ತೊಬ್ಬ ಏನೂ ಹೇಳದೆ ಬಿಟ್ಟುಬಿಡುವವ. ಎಲ್ಲವನ್ನೂ ತಾನೇ ಹೇಳುವವ ಕೋಣೆಯಿಂದ ಹೊರಗೆ ಹೋದದ್ದೇ ತಡ, ಹುಡುಗರ ಕೆಲಸ ಕುಸಿಯುತ್ತಿತ್ತು. ಕೂಡಿ ತೀರ್ಮಾನಿಸುವವ ಹೊರಹೋದರೂ ಕೆಲಸ ನಡೆಯುತ್ತಿತ್ತು. ಏನೂ ಹೇಳದವನ ಗುಂಪಿನ ಸಾಧನೆ ಎಲ್ಲಕ್ಕಿಂತ ಕಡಿಮೆ.

ನಮ್ಮ ಆಫೀಸುಗಳಲ್ಲಿ ಮೊದಲನೆಯವರನ್ನು ಎಲ್ಲರೂ ಬೈಯುತ್ತಾರೆ. ಅಜೈಲ್ ಹೆಸರಿನಲ್ಲಿ ಹಾನಿ ಮಾಡುವುದರಲ್ಲಿ ಮೂರನೆಯವರೂ ಕಡಿಮೆಯಿಲ್ಲ. ಎರಡು ದಿನದ ತರಬೇತಿ ಮುಗಿಸಿ ಬಂದು "ಇನ್ನು ಮುಂದೆ ನಿಮ್ಮದು ಸ್ವಯಂ ಸಂಘಟಿತ ತಂಡ, ನೀವೇ ನಿರ್ಧರಿಸಿ" ಎಂದು ಹೇಳಿ ಮಾಯವಾಗುವ ಮ್ಯಾನೇಜರುಗಳನ್ನು ನೋಡಿದ್ದೇವೆ. ಗುರಿ ಏನೆಂದು ಹೇಳಿರುವುದಿಲ್ಲ, ಎಷ್ಟರ ಮಟ್ಟಿಗೆ ನಿರ್ಧರಿಸಬಹುದು ಎಂಬ ಗೆರೆ ಎಳೆದಿರುವುದಿಲ್ಲ, ಇನ್ನೊಂದು ತಂಡದಿಂದ ಬರಬೇಕಾದ ಎಪಿಐ ತಿಂಗಳಾದರೂ ಬಾರದಿದ್ದಾಗ ಕೇಳುವವರಿರುವುದಿಲ್ಲ. ರಿಲೀಸ್ ಮುಗ್ಗರಿಸಿದ ದಿನ ಮಾತ್ರ ಪ್ರತ್ಯಕ್ಷರಾಗುತ್ತಾರೆ, ಆಗ ಬರುವುದು ಮೊದಲನೆಯ ಅವತಾರದಲ್ಲಿ.

ಇವೆರಡರ ನಡುವೆ ಇನ್ನೊಂದು ಬಗೆ ಇದೆ, ಹೊಸ ಸೊಸೆಗೆ ಅಡುಗೆಮನೆ ಬಿಟ್ಟುಕೊಟ್ಟೆ ಎಂದು ಊರಿಗೆಲ್ಲ ಹೇಳಿ ಬಾಗಿಲಲ್ಲೇ ನಿಂತು ಉಪ್ಪೆಷ್ಟು ಹಾಕಿದೆ ಎಂದು ಕೇಳುವ ಅತ್ತೆಯ ಬಗೆ. ಸ್ಪ್ರಿಂಟ್ ಪ್ಲಾನಿಂಗ್‌ನಲ್ಲಿ ತಂಡ ಎಂಟು ಸ್ಟೋರಿ ಸಾಕು ಎನ್ನುತ್ತದೆ. "ನಿಮ್ಮಿಷ್ಟ, ಆದ್ರೆ ಹನ್ನೊಂದು ಆದ್ರೆ ಚೆನ್ನಾಗಿರುತ್ತೆ ಅಲ್ವಾ?" ಎಂದು ಮ್ಯಾನೇಜರ್ ನಗುತ್ತಾರೆ. ತಂಡ ಹನ್ನೊಂದು ಬರೆದುಕೊಳ್ಳುತ್ತದೆ. ಆ ನಗು ಆಜ್ಞೆಯೇ ಎಂದು ಅಲ್ಲಿ ಫ್ರೆಷರಿಗೂ ಗೊತ್ತು.

ಸೇವಕ ನಾಯಕತ್ವ ಎಂಬ ಮಾತು ಅಜೈಲ್ ತರಬೇತಿಗಳಲ್ಲಿ ಬಹಳ ಕೇಳಿಬರುತ್ತದೆ. ಅಮೆರಿಕದ ಎಟಿ&ಟಿ ಕಂಪನಿಯಲ್ಲಿ ದಶಕಗಟ್ಟಲೆ ದುಡಿದ ರಾಬರ್ಟ್ ಗ್ರೀನ್‌ಲೀಫ್ 1970ರ ಪ್ರಬಂಧವೊಂದರಲ್ಲಿ ಮಂಡಿಸಿದ ವಿಚಾರ ಅದು. ನಮ್ಮಲ್ಲಿ ಅದು ಸ್ಕ್ರಮ್ ಮಾಸ್ಟರ್ ಮೀಟಿಂಗ್ ರೂಮ್ ಬುಕ್ ಮಾಡುವ, ನೋಟ್ಸ್ ಬರೆಯುವ, ಟೀಮ್ ಔಟಿಂಗ್‌ಗೆ ಬಸ್ ಗೊತ್ತುಮಾಡುವ ಕೆಲಸಕ್ಕೆ ಇಳಿದಿದೆ. ಹೈದರಾಬಾದಿನ ತಂಡಕ್ಕೆ ಆದ ಸೇವೆ ಅಂಥದ್ದಲ್ಲ. ಅಧಿಕಾರ ಇದ್ದವರು ಅದನ್ನು ತಂಡದ ದಾರಿ ತೆರವು ಮಾಡಲು ಬಳಸಿದರು. ಅಧಿಕಾರವೇ ಇಲ್ಲದ ಸ್ಕ್ರಮ್ ಮಾಸ್ಟರನ್ನು ನೇಮಿಸಿ ಅವರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ.

ಆಗಲ್ಲ ಎಂಬ ಮಾತು

ಬುಧವಾರದ ಸ್ಟ್ಯಾಂಡಪ್‌ನಲ್ಲಿ ಟೆಸ್ಟರ್ ಹೇಳುತ್ತಾರೆ: "ಶುಕ್ರವಾರದ ಡೆಮೊಗೆ ರೀಫಂಡ್ ಫ್ಲೋ ಆಗಲ್ಲ ಅನ್ಸುತ್ತೆ."

ಒಂದು ತಂಡದಲ್ಲಿ ಉತ್ತರ ಹೀಗೆ: "ಸೋಮವಾರ ಯಾಕೆ ಹೇಳ್ಲಿಲ್ಲ? ಕ್ಲೈಂಟಿಗೆ ನಾನೇನು ಹೇಳ್ಲಿ?" ಇನ್ನೊಂದರಲ್ಲಿ ಹೀಗೆ: "ಇವತ್ತೇ ಹೇಳಿದ್ದು ಒಳ್ಳೇದಾಯ್ತು. ಎಲ್ಲಿ ಸಿಕ್ಕಿಹಾಕ್ಕೊಂಡಿದೆ? ಕ್ಲೈಂಟ್ ಜೊತೆ ನಾನು ಮಾತಾಡ್ತೀನಿ, ಅದಿಲ್ಲದೆ ಡೆಮೊ ಆಗುತ್ತಾ ನೋಡಿ."

ಎರಡನೆಯದರಲ್ಲಿ ವಿಶೇಷ ಮಾಧುರ್ಯವೇನಿಲ್ಲ, ಮೊದಲನೆಯದರಲ್ಲಿ ಭಾರೀ ಕ್ರೌರ್ಯವೂ ಇಲ್ಲ. ಆದರೆ ಮೊದಲ ತಂಡದ ಟೆಸ್ಟರ್ ಮುಂದಿನ ಸಲ ಬುಧವಾರ ಹೇಳುವುದಿಲ್ಲ, ಶುಕ್ರವಾರ ಬೆಳಿಗ್ಗೆ ಹೇಳುತ್ತಾರೆ. ಸುತ್ತಲೂ ನಿಂತ ಏಳೆಂಟು ಜನರೂ ಅದೇ ಪಾಠ ಕಲಿತಿರುತ್ತಾರೆ. ಎರಡು ವಾರಕ್ಕೊಮ್ಮೆ ಕೆಲಸ ತೋರಿಸಿ ತಿದ್ದಿಕೊಳ್ಳುವ ಇಡೀ ಏರ್ಪಾಡಿಗೆ ಬೇಕಾದ್ದು ನಿಜವಾದ ಮಾಹಿತಿ. ಅದು ಬತ್ತಿಹೋದರೆ ಬೋರ್ಡಿನ ಮೇಲೆ ಉಳಿಯುವುದು ಬಣ್ಣದ ಚೀಟಿಗಳು.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 90ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡುವಾಗ ಇದೇ ಸಂಗತಿಯನ್ನು ಕಂಡರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡರೆ, ಅಂಕಿಅಂಶದಲ್ಲಿ ಹೆಚ್ಚು ಕಂಡವು. ಕೆದಕಿದಾಗ ತಿಳಿದದ್ದು, ಆ ತಂಡಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದವು ಎಂದು. ಹಾಗಾಗಿ ಹೊಸ ನಾಯಕರು ಬಂದ ಮೊದಲ ತಿಂಗಳಲ್ಲಿ ವರದಿಯಾಗುವ ತೊಂದರೆಗಳ ಸಂಖ್ಯೆ ಏರಿದರೆ ಹೆದರಬೇಕಿಲ್ಲ. ಏರದಿದ್ದರೆ ಅನುಮಾನಪಡಿ.

ಇದರ ಇನ್ನೊಂದು ಮುಖ ನೋಕಿಯಾ. ತಂಡ ನಿಜಕ್ಕೂ ಸ್ಕ್ರಮ್ ಮಾಡುತ್ತಿದೆಯೇ ಎಂದು ಅಳೆಯುವ 'ನೋಕಿಯಾ ಟೆಸ್ಟ್' ಎಂಬ ಪುಟ್ಟ ಪ್ರಶ್ನಾವಳಿಗೆ ಆ ಹೆಸರು ಬಂದದ್ದು ನೋಕಿಯಾ ಬಳಗದಿಂದಲೇ. ಅಷ್ಟರಮಟ್ಟಿಗೆ ಅಜೈಲ್ ಅಲ್ಲಿ ಬೇರುಬಿಟ್ಟಿತ್ತು. ಆದರೆ ಟಿಮೊ ವುಓರಿ ಮತ್ತು ಕ್ವಿ ಹುಯ್ ಎಂಬ ಸಂಶೋಧಕರು ಕಂಪನಿಯ ಮೇಲಿನ, ಮಧ್ಯದ ಸ್ತರದ ಅಧಿಕಾರಿಗಳೂ ಎಂಜಿನಿಯರುಗಳೂ ಸೇರಿದಂತೆ ಒಟ್ಟು 76 ಸಂದರ್ಶನ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದದ್ದು ಭಯ. ಮೇಲಿನವರಿಗೆ ಮಾರುಕಟ್ಟೆಯ ಭಯ, ಮಧ್ಯದವರಿಗೆ ಮೇಲಿನವರ ಭಯ. ಸಿಂಬಿಯನ್ ತಂತ್ರಾಂಶ ಐಫೋನಿಗೆ ಸಾಟಿಯಾಗುವ ಸ್ಥಿತಿಯಲ್ಲಿಲ್ಲ ಎಂಬ ಸತ್ಯ ಮೇಲಕ್ಕೆ ಹೋಗುವಷ್ಟರಲ್ಲಿ 'ಆಗುತ್ತೆ' ಎಂದಾಗುತ್ತಿತ್ತು. ಫೋನ್ ವ್ಯವಹಾರ 2014ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಕುಸಿತಕ್ಕೆ ಕಾರಣ ಇದೊಂದೇ ಎನ್ನಲಾಗದು. ಆದರೆ ತಂಡ ಮಟ್ಟದ ಶಿಸ್ತು ಎಷ್ಟಿದ್ದರೂ ಮೇಲಿನ ಕೋಣೆಯ ಗದರಿಕೆಯನ್ನು ಅದು ತಡೆಯಲಾರದು.

ನಮ್ಮಲ್ಲಿ ಈ ಭಯ ಇನ್ನಷ್ಟು ಗಟ್ಟಿ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಮೇಲುಕೀಳನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಕೊಟ್ಟ ಅಂಕಗಳಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40, ನೆದರ್ಲೆಂಡ್ಸ್‌ಗೆ 38. ಐಬಿಎಂ ಉದ್ಯೋಗಿಗಳಿಂದ ಅರ್ಧ ಶತಮಾನದ ಹಿಂದೆ ತೆಗೆದ ಲೆಕ್ಕ ಅದು, ವೇದವಾಕ್ಯವೇನಲ್ಲ. ಆದರೂ ಅನುಭವಕ್ಕೆ ದೂರವಿಲ್ಲ. ಕಂಪನಿಯ ನಿಯಮದಂತೆ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಅಪ್ರೈಸಲ್ ತಿಂಗಳಲ್ಲಿ ಮನಸ್ಸಿನೊಳಗಿನ 'ಸರ್' ಎದ್ದು ನಿಲ್ಲುತ್ತದೆ. ಹಿರಿಯರಿಗೆ ಎದುರಾಡಬಾರದು ಎಂದು ಮನೆಯಲ್ಲಿ, ಶಾಲೆಯಲ್ಲಿ ಕಲಿತು ಬಂದವರನ್ನು ಒಂದು ದಿನದ ವರ್ಕ್‌ಶಾಪ್ ಬದಲಿಸದು. ಇಲ್ಲಿ ಮೊದಲ ಹೆಜ್ಜೆ ಹಿರಿಯರದೇ ಆಗಬೇಕು.

ಸೈನ್ಯದಲ್ಲೂ ಅದು ಸಾಧ್ಯ ಎಂದು ತೋರಿಸಿದವರು ಡೇವಿಡ್ ಮಾರ್ಕೆ. 1999ರಲ್ಲಿ ಅಮೆರಿಕದ ಸಾಂಟಾ ಫೆ ಎಂಬ ಅಣುಶಕ್ತಿ ಜಲಾಂತರ್ಗಾಮಿಗೆ ಕ್ಯಾಪ್ಟನ್ ಆಗಿ ಬಂದ ಅವರು ತರಬೇತಿ ಪಡೆದಿದ್ದು ಬೇರೊಂದು ಹಡಗಿನ ಬಗ್ಗೆ. ಅಭ್ಯಾಸದ ವೇಳೆ, ಸಾಂಟಾ ಫೆಯ ತುರ್ತು ಮೋಟಾರಿನಲ್ಲಿ ಇಲ್ಲದೇ ಇದ್ದ ವೇಗಕ್ಕೆ ಏರಿಸಿ ಎಂದರು. ಅನುಭವಿ ಅಧಿಕಾರಿ ಅದನ್ನೇ ನಾವಿಕನಿಗೆ ಕೂಗಿ ಹೇಳಿದ. ನಾವಿಕ ತಬ್ಬಿಬ್ಬಾದ. ಆ ವೇಗ ಇಲ್ಲವೆಂದು ಗೊತ್ತಿತ್ತೇ ಎಂದು ಕೇಳಿದರೆ ಅಧಿಕಾರಿ, ಗೊತ್ತಿತ್ತು, ನೀವು ಹೇಳಿದಿರಲ್ಲ ಎಂದ. ಅಲ್ಲಿಂದ ಮಾರ್ಕೆ ಆಜ್ಞೆ ಕೊಡುವುದನ್ನು ಆದಷ್ಟು ನಿಲ್ಲಿಸಿದರು. ಅಪ್ಪಣೆ ಕೇಳುವ ಬದಲು "ನಾನು ಹೀಗೆ ಮಾಡಬೇಕೆಂದಿದ್ದೇನೆ, ಕಾರಣ ಇದು" ಎಂದು ಅಧಿಕಾರಿಗಳೇ ಬಂದು ಹೇಳಬೇಕು, ಕ್ಯಾಪ್ಟನ್ ಸರಿ ಎನ್ನಬೇಕು. ಜೊತೆಗೆ ಅವರ ಜ್ಞಾನ ಬೆಳೆಸಲೂ ಅಷ್ಟೇ ಶ್ರಮ ಹಾಕಿದರು. ಜ್ಞಾನವಿಲ್ಲದವರ ಕೈಗೆ ನಿರ್ಧಾರ ಕೊಟ್ಟರೆ ಹಡಗು ಮುಳುಗುತ್ತದೆ.

ನಾಳೆಯಿಂದ ಏನು ಮಾಡಬಹುದು

ನೀವು ಲೀಡ್ ಅಥವಾ ಮ್ಯಾನೇಜರ್ ಆಗಿದ್ದರೆ ಸ್ಟ್ಯಾಂಡಪ್‌ನಿಂದ ಶುರು ಮಾಡಿ. ವೃತ್ತದ ನಡುವಿನಿಂದ ಹಿಂದಕ್ಕೆ ಸರಿದು, ಬೋರ್ಡು ಎಲ್ಲರಿಗೂ ಎದುರಾಗುವಂತೆ ನಿಲ್ಲಿ. ಒಬ್ಬೊಬ್ಬರನ್ನೇ ನಿನ್ನೆ ಏನು, ಇವತ್ತೇನು, ಬ್ಲಾಕರ್ ಏನು ಎಂದು ಕೇಳುವುದನ್ನು ಬಿಟ್ಟು, ಬೋರ್ಡಿನ ಬಲತುದಿಯಿಂದ, ಅಂದರೆ ಮುಗಿಯಲು ಹತ್ತಿರವಿರುವ ಕೆಲಸದಿಂದ, ಎಡಕ್ಕೆ ಬನ್ನಿ. ಇದನ್ನು ಮುಗಿಸಲು ಇವತ್ತು ಯಾರು ಕೈಜೋಡಿಸಬೇಕು ಎಂಬುದು ಪ್ರಶ್ನೆಯಾಗಲಿ. ಆ ಮೂರು ಪ್ರಶ್ನೆಗಳು ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲಿ ಇಲ್ಲವೇ ಇಲ್ಲ, ನಾವಿನ್ನೂ ಮಗ್ಗಿ ಹೇಳುವಂತೆ ಹೇಳುತ್ತಿದ್ದೇವೆ. ವಾರದಲ್ಲಿ ಎರಡು ದಿನ ನೀವು ಹೋಗಲೇಬೇಡಿ. ನೀವಿಲ್ಲದ ದಿನ ಸ್ಟ್ಯಾಂಡಪ್ ನಡೆಯದಿದ್ದರೆ, ಅದು ಅಷ್ಟು ದಿನ ನಡೆದದ್ದು ಯಾರಿಗಾಗಿ ಎಂಬುದು ಸ್ಪಷ್ಟ.

ಚರ್ಚೆಯಲ್ಲಿ ಕೊನೆಗೆ ಮಾತಾಡಿ. ಇದು ಹೇಳಿದಷ್ಟು ಸುಲಭವಲ್ಲ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬೇಕು, ಅದರಲ್ಲೂ ಹತ್ತು ವರ್ಷ ಕೋಡ್ ಬರೆದು ಮೇಲೆ ಬಂದವರಿಗೆ ಅದು ಹಿಂಸೆ. ಆದರೆ ಮ್ಯಾನೇಜರ್ ಮೊದಲೇ ಒಂದು ಅಂದಾಜು ಹೇಳಿದ ಮೇಲೆ ಕೋಣೆಯಲ್ಲಿ ಬೇರೆ ಅಂದಾಜು ಹುಟ್ಟುವುದಿಲ್ಲ.

ಕಳೆದ ತಿಂಗಳು ತಂಡದಲ್ಲಿ ಆದ ಹತ್ತು ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಲೈಬ್ರರಿ ಬಳಸುವುದು, ರಿಲೀಸ್ ಯಾವಾಗ, ರಜೆ ಯಾರಿಗೆ, ಯಾವ ಬಗ್ ಮೊದಲು, ಹೊಸಬರ ಸಂದರ್ಶನ ಯಾರು ಮಾಡುವುದು. ಪ್ರತಿಯೊಂದರ ಎದುರು ತೀರ್ಮಾನಿಸಿದವರ ಹೆಸರು ಬರೆಯಿರಿ. ಎಂಟರಲ್ಲಿ ನಿಮ್ಮ ಹೆಸರಿದ್ದರೆ ಎರಡನ್ನು ಆರಿಸಿ ತಂಡಕ್ಕೆ ಬಿಟ್ಟುಕೊಡಿ, ಗೆರೆ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿ. ಜರ್ಗನ್ ಅಪೆಲೊ ಎಂಬ ಡಚ್ ಲೇಖಕರು ಇದಕ್ಕೆ ಏಳು ಮೆಟ್ಟಿಲು ಗುರುತಿಸಿದ್ದಾರೆ. ಒಂದು ತುದಿಯಲ್ಲಿ ನಾನು ಹೇಳುತ್ತೇನೆ ನೀವು ಮಾಡಿ, ಇನ್ನೊಂದು ತುದಿಯಲ್ಲಿ ಪೂರ್ತಿ ನಿಮಗೆ ಬಿಟ್ಟದ್ದು. ನಡುವೆ ನಿಮ್ಮನ್ನು ಕೇಳಿ ನಾನು ತೀರ್ಮಾನಿಸುತ್ತೇನೆ, ಇಬ್ಬರೂ ಒಪ್ಪೋಣ, ನಾನು ಸಲಹೆ ಕೊಡುತ್ತೇನೆ ನೀವು ತೀರ್ಮಾನಿಸಿ ಎಂಬಂಥವು. ಹೊಸಬರ ತಂಡವಾದರೆ ಕೆಳಗಿನ ಮೆಟ್ಟಿಲಲ್ಲಿ ನಿಲ್ಲುವುದೇ ಸರಿ. ಮೂರು ತಿಂಗಳ ಹಿಂದೆ ಕಾಲೇಜಿನಿಂದ ಬಂದವರಿಗೆ ಡೇಟಾಬೇಸ್ ವಿನ್ಯಾಸ ಬಿಟ್ಟುಕೊಡುವುದು ಔದಾರ್ಯವಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಬಿಟ್ಟುಕೊಟ್ಟ ತೀರ್ಮಾನ ನಿಮಗಿಷ್ಟವಾಗದ ಕಡೆ ಹೋದಾಗ ಅದನ್ನು ಹಿಂದಕ್ಕೆ ಕಸಿದುಕೊಂಡರೆ, ಕೊಡದೇ ಇದ್ದುದಕ್ಕಿಂತ ಹೆಚ್ಚು ನಷ್ಟ.

ರೆಟ್ರೊ ಬಗ್ಗೆ ಇಷ್ಟೇ. ಮೊದಲರ್ಧ ಹೊರಗಿರಿ, ಕೊನೆಯ ಹತ್ತು ನಿಮಿಷ ಹೋಗಿ. ಅಲ್ಲಿ ಬಂದ ದೂರುಗಳಲ್ಲಿ ತಂಡದ ಕೈ ಮೀರಿದ ಒಂದನ್ನು ಆರಿಸಿ, ನಿಮ್ಮ ಹೆಸರಿನಲ್ಲಿ ಬೋರ್ಡಿಗೆ ಹಾಕಿ, ಮುಂದಿನ ಸ್ಟ್ಯಾಂಡಪ್‌ಗಳಲ್ಲಿ ಅದರ ಸ್ಥಿತಿಯನ್ನು ನೀವೇ ವರದಿ ಮಾಡಿ. ಟೆಸ್ಟ್ ಸರ್ವರಿನ ವಿಷಯವೇ ಆಗಬಹುದು.

ವೆಲಾಸಿಟಿ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಆ ಸಂಖ್ಯೆ ತಂಡ ತನ್ನ ಮುಂದಿನ ಸ್ಪ್ರಿಂಟಿಗೆ ಎಷ್ಟು ಹಿಡಿಸುತ್ತದೆಂದು ಲೆಕ್ಕ ಹಾಕಲು ಇರುವುದು. ಎರಡು ತಂಡಗಳನ್ನು ಹೋಲಿಸಲು, ಅಪ್ರೈಸಲ್‌ನಲ್ಲಿ ಅಂಕ ಕೊಡಲು ಬಳಸಿದರೆ ಮುಂದಿನ ತ್ರೈಮಾಸಿಕದಲ್ಲಿ ಮೂರು ಪಾಯಿಂಟಿನ ಕೆಲಸ ಐದಾಗಿರುತ್ತದೆ, ಎಲ್ಲರ ಗ್ರಾಫ್ ಏರಿರುತ್ತದೆ, ಗ್ರಾಹಕರಿಗೆ ಸಿಕ್ಕಿದ್ದು ಮೊದಲಷ್ಟೇ. ಸ್ನೋಬರ್ಡಿನ ಹದಿನೇಳು ಜನರಲ್ಲೊಬ್ಬರಾದ ರಾನ್ ಜೆಫ್ರೀಸ್, ಸ್ಟೋರಿ ಪಾಯಿಂಟ್ ಬಹುಶಃ ತನ್ನದೇ ಸೃಷ್ಟಿ, ಹಾಗಿದ್ದರೆ ಅದಕ್ಕೆ ವಿಷಾದವಿದೆ ಎಂದು ಬರೆದಿದ್ದಾರೆ. ಅಂಕದ ಹಪಾಹಪಿ ಎಷ್ಟು ದೂರ ಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಪ್ರೊಡಕ್ಷನ್ ಕುಸಿದ ರಾತ್ರಿ ಇದೆಲ್ಲ ನಡೆಯುತ್ತದೆಯೇ ಎಂದು ಕೇಳಬಹುದು. ಆಗ ಒಬ್ಬರು ನಿಂತು ನೀನಿದು ಮಾಡು, ನೀವದು ನೋಡಿ ಎನ್ನಲೇಬೇಕು. ಆದರೆ ಆ ಒಬ್ಬರು ದೊಡ್ಡ ಹುದ್ದೆಯವರೇ ಆಗಬೇಕಿಲ್ಲ. 2013ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಜಾಲತಾಣ ಹೆಲ್ತ್‌ಕೇರ್.ಗವ್ ಬಿದ್ದಾಗ ಅದನ್ನೆತ್ತಲು ಹೋದ ಮೈಕಿ ಡಿಕರ್ಸನ್ ಕೋಣೆಯಲ್ಲಿ ಹಾಕಿದ ನಿಯಮಗಳಲ್ಲೊಂದು, ವಿಷಯ ಹೆಚ್ಚು ಗೊತ್ತಿರುವವರು ಮಾತಾಡಲಿ, ಹುದ್ದೆ ದೊಡ್ಡದಿರುವವರಲ್ಲ ಎಂಬರ್ಥದ್ದು.

ಮಧ್ಯದಲ್ಲಿ ಸಿಕ್ಕಿಕೊಂಡವರು

ಹದಿನೈದು ವರ್ಷ ಅನುಭವದ ಡೆಲಿವರಿ ಮ್ಯಾನೇಜರುಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಅವರನ್ನು ಖಳರನ್ನಾಗಿ ಮಾಡುವುದು ಸುಲಭ. ಕಂಪನಿ ಅವರಿಗೆ ಸೋಮವಾರ ಕೋಚ್ ಆಗಿ ಎಂದು ಹೇಳಿ, ಶುಕ್ರವಾರ ಕಮಿಟ್ ಡೇಟ್ ಕೇಳುತ್ತದೆ. ಆನ್‌ಸೈಟ್‌ನಿಂದ ಎಸ್ಕಲೇಷನ್ ಮೇಲ್ ಬಂದರೆ ಉತ್ತರಿಸಬೇಕಾದವರು ಅವರು. ತಂಡ ತಾನೇ ಎಲ್ಲ ನೋಡಿಕೊಂಡರೆ ನನ್ನ ಕೆಲಸವೇನು, ಮುಂದಿನ ಲೇಆಫ್ ಪಟ್ಟಿಯಲ್ಲಿ ನಾನೇ ಇರುತ್ತೇನೋ ಎಂಬ ಅಳುಕೂ ಸುಳ್ಳಲ್ಲ. ನೆದರ್ಲೆಂಡ್ಸ್‌ನ ಐಎನ್‌ಜಿ ಬ್ಯಾಂಕ್ 2015ರಲ್ಲಿ ತನ್ನ ಪ್ರಧಾನ ಕಚೇರಿಯ ಸುಮಾರು 3,500 ಜನರನ್ನು ಸಣ್ಣ ತಂಡಗಳಾಗಿ ಮರುಜೋಡಿಸಿದಾಗ ಅಲ್ಲಿನವರೆಲ್ಲ ಹೊಸದಾಗಿ ಕೆಲಸಕ್ಕೆ ಅರ್ಜಿ ಹಾಕಬೇಕಾಯಿತು. ಜ್ಞಾನವಿದ್ದೂ ಹೊಸ ರೀತಿಗೆ ಹೊಂದದ ಎಷ್ಟೋ ಜನ ಹೊರಗುಳಿದರು. ಅಳುಕಿಗೆ ಆಧಾರವಿದೆ.

ಮೇಲಿನವರು ಇಲ್ಲಿ ಮಾಡಬೇಕಾದ್ದು ಮ್ಯಾನೇಜರುಗಳನ್ನು ಅಳೆಯುವ ಕೋಲನ್ನು ಬದಲಿಸುವುದು. ಎಷ್ಟು ಸ್ಟೇಟಸ್ ವರದಿ ಕಳಿಸಿದರು ಎಂಬುದರ ಜಾಗದಲ್ಲಿ, ತಂಡಕ್ಕೆ ಅಡ್ಡಬಂದ ಎಷ್ಟು ಸಂಗತಿಗಳನ್ನು ಸರಿಸಿದರು, ಅವರ ಕೈಕೆಳಗೆ ಎಷ್ಟು ಜನ ಬೆಳೆದರು ಎಂದು ಕೇಳಲಿ. ಮೇಲಿನವರು ಗಟ್ಟಿ ತೀರ್ಮಾನ ತೆಗೆದುಕೊಂಡರೆ ಏನಾಗಬಹುದೆಂಬುದಕ್ಕೆ ಎಫ್‌ಬಿಐ ಸಾಕ್ಷಿ. ಕಾಗದದ ಕಡತಗಳಿಂದ ಕಂಪ್ಯೂಟರಿಗೆ ಬರಲು ಹೊರಟ ಅದರ 'ಸೆಂಟಿನೆಲ್' ಯೋಜನೆ 2010ರ ಹೊತ್ತಿಗೆ 45.1 ಕೋಟಿ ಡಾಲರ್ ಬಜೆಟ್ಟಿನಲ್ಲಿ ಸುಮಾರು 40.5 ಕೋಟಿ ನುಂಗಿ, ನಾಲ್ಕು ಹಂತಗಳಲ್ಲಿ ಎರಡನ್ನಷ್ಟೇ ಮುಗಿಸಿತ್ತು. ಅಲ್ಲಿನ ಮಾಹಿತಿ ಅಧಿಕಾರಿ ಚಾಡ್ ಫುಲ್‌ಗಮ್ ಗುತ್ತಿಗೆ ಕಂಪನಿಯಿಂದ ಕೆಲಸದ ಹಿಡಿತವನ್ನು ತಮ್ಮಲ್ಲಿಗೆ ತಂದು, ಜನರನ್ನು ಗಣನೀಯವಾಗಿ ಕಡಿಮೆ ಮಾಡಿ, ಎರಡೆರಡು ವಾರದ ಸ್ಪ್ರಿಂಟ್‌ಗಳಲ್ಲಿ ಮಾಡಿಸಿದರು. ವಿಳಂಬವೇನೋ ಆಯಿತು, ಆದರೆ 2012ರ ಜುಲೈ 1ರಂದು ಅದು ಬಳಕೆಗೆ ಬಂತು.

ಇನ್ನು ತಂಡದ ಸದಸ್ಯರಿಗೆ. ಮ್ಯಾನೇಜರ್ ಬದಲಾಗಲಿ ಎಂದು ಕಾಯುತ್ತಾ ಕೂರಬೇಡಿ. ತೊಂದರೆಯನ್ನು ಬೇಗ ಹೇಳಿ, ಒಂಟಿಯಾಗಿ ಹೇಳಬೇಡಿ, ಜೊತೆಗೆ ಎರಡು ದಾರಿಗಳನ್ನೂ ಇಡಿ. "ಏನ್ಮಾಡ್ಲಿ?" ಎಂದು ಕೇಳುವ ಬದಲು "ರೀಫಂಡ್ ಫ್ಲೋ ಮುಂದಿನ ಸ್ಪ್ರಿಂಟಿಗೆ ಹಾಕಿ, ಇವತ್ತು ಲಾಗಿನ್ ಬಗ್ ಮುಗಿಸ್ಬೇಕು ಅಂತಿದೀನಿ" ಎಂದು ನೋಡಿ. ದೊಡ್ಡ ಬದಲಾವಣೆ ಬೇಕಿದ್ದರೆ ಎರಡು ಸ್ಪ್ರಿಂಟಿನ ಮಟ್ಟಿಗೆ ಪ್ರಯೋಗ ಎಂದು ಕೇಳಿ. ಶಾಶ್ವತವಾಗಿ ಬಿಟ್ಟುಕೊಡಲು ಒಪ್ಪದವರೂ ತಿಂಗಳ ಮಟ್ಟಿಗೆ ಒಪ್ಪುತ್ತಾರೆ. ಇಷ್ಟೆಲ್ಲ ಮಾಡಿಯೂ ಆರು ತಿಂಗಳಲ್ಲಿ ಏನೂ ಅಲುಗಾಡದಿದ್ದರೆ ರೆಸ್ಯೂಮೆ ತಿದ್ದುವುದರಲ್ಲಿ ತಪ್ಪಿಲ್ಲ.

ಹೊಸ ಕಂಪನಿಯ ಸಂದರ್ಶನದಲ್ಲಿ ಕೊನೆಗೆ ನಿಮ್ಮ ಪ್ರಶ್ನೆಗಳೇನಾದರೂ ಇವೆಯೇ ಎಂದು ಕೇಳುತ್ತಾರಲ್ಲ, ಆಗ ನೀವು ಅಜೈಲ್ ಮಾಡುತ್ತೀರಾ ಎಂದು ಕೇಳಿ ಪ್ರಯೋಜನವಿಲ್ಲ. ಎಲ್ಲರೂ ಹೌದು ಎನ್ನುತ್ತಾರೆ. ಕಳೆದ ರೆಟ್ರೊದಲ್ಲಿ ಬಂದ ಯಾವ ದೂರು ನಿವಾರಣೆಯಾಯಿತು, ಯಾರು ಮಾಡಿದರು ಎಂದು ಕೇಳಿ. ಸ್ಪ್ರಿಂಟಿನ ಮಧ್ಯೆ ಆಗುವುದಿಲ್ಲ ಎಂದು ಗೊತ್ತಾದರೆ ಯಾರಿಗೆ, ಯಾವಾಗ ಹೇಳುತ್ತೀರಿ ಎಂದು ಕೇಳಿ. ವೆಲಾಸಿಟಿ ಸಂಖ್ಯೆಯನ್ನು ತಂಡದಾಚೆ ಯಾರೆಲ್ಲ ನೋಡುತ್ತಾರೆ ಎಂದು ಕೇಳಿ. ಎದುರಿಗಿರುವವರು ಮ್ಯಾನೇಜರೂ ಒಬ್ಬ ಎಂಜಿನಿಯರೂ ಆಗಿದ್ದರೆ, ಪ್ರಶ್ನೆಯನ್ನು ಎಂಜಿನಿಯರಿಗೆ ಕೇಳಿ, ಉತ್ತರ ಯಾರು ಕೊಡುತ್ತಾರೆ ನೋಡಿ.